ಮನೆ ಬದಲಾಯ್ತು, ಆಧಾರ್ ಹಳೇ ಮೀಟರಲ್ಲೇ ಉಳೀತು: ಬಾಡಿಗೆದಾರರ ಗೃಹಜ್ಯೋತಿ ಗಂಟು

ತಿಪಟೂರು: ಶಾಲೆ ಶುರುವಾಗೋ ಹೊತ್ತಿಗೆ ಊರಲ್ಲಿ ಬಾಡಿಗೆ ಮನೆ ಬದಲಿಸೋರು ಜಾಸ್ತಿ. ಲಗೇಜ್ ಆಟೋದಲ್ಲಿ ಬೀರು, ಮಂಚ, ಗ್ಯಾಸ್ ಒಲೆ. ಅಡ್ವಾನ್ಸ್ ಮಾತು ಮುಗಿಯುತ್ತೆ, ಹಾಲು ಉಕ್ಕಿಸಿದ್ದೂ ಆಗುತ್ತೆ. ಕರೆಂಟ್ ವಿಚಾರ ನೆನಪಾಗೋದು ಮೊದಲ ಬಿಲ್ ಕೈಗೆ ಬಂದಾಗ. ಹಿಂದಿನ ಮನೇಲಿ ಸೊನ್ನೆ ಬರ್ತಿತ್ತು, ಇಲ್ಲಿ ಯಾಕೆ ದುಡ್ಡು?

ಯಾಕೆಂದರೆ ಮೀಟರ್ ಮನೆಗೆ ಸೇರಿದ್ದು, ಗೃಹಜ್ಯೋತಿ ನೋಂದಣಿ ನಿಮ್ಮ ಆಧಾರ್‌ಗೆ ಸೇರಿದ್ದು. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಒಂದು ಆಧಾರ್‌ಗೆ ಒಂದೇ ಆರ್‌ಆರ್ ನಂಬರ್. ನೀವು ಮನೆ ಖಾಲಿ ಮಾಡಿದರೂ ಆಧಾರ್ ತಾನಾಗಿ ಎದ್ದು ಬರಲ್ಲ. ಅದನ್ನು ಬಿಡಿಸಿಕೊಳ್ಳೋಕೆ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ವ್ಯವಸ್ಥೆ ಬಂದಿದ್ದು 2024ರ ಆಗಸ್ಟ್‌ನಲ್ಲಿ, ಅಂದ್ರೆ ಒಂದು ವರ್ಷ ಕಳೆದ ಮೇಲೆ. ಬಾಡಿಗೆದಾರರ ಗತಿ ಏನು ಅಂತ ಯೋಜನೆ ಮಾಡಿದವರು ಮೊದಲೇ ಯೋಚಿಸಬೇಕಿತ್ತು.

ದುಡ್ಡಿನ ಲೆಕ್ಕ ನೋಡಿ. ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಬಹಳ ಜನ ಇನ್ನೂ ಅಂದುಕೊಂಡಿದ್ದಾರೆ. ಹಾಗಿಲ್ಲ. 2022-23ರ ಸರಾಸರಿ ಬಳಕೆ, ಅದರ ಮೇಲೆ ಒಂದಿಷ್ಟು ಹೆಚ್ಚುವರಿ, ಅಷ್ಟೇ ಉಚಿತ. ಹಳೇ ಬಳಕೆ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇ 10 ಸೇರಿಸಿ 58 ಯೂನಿಟ್. ಅಂಥ ಮನೇಲಿ ತಿಂಗಳಿಗೆ 90 ಯೂನಿಟ್ ಉರಿಸಿದರೆ ಮಿಕ್ಕ 32 ಯೂನಿಟ್‌ಗೆ ದುಡ್ಡು. 2025-26ರ ದರ 5.80 ರೂ. ಹಿಡಿದರೆ ಸುಮಾರು 186 ರೂ. ನೋಂದಣಿ ಇಲ್ಲದಿದ್ದರೆ ಯೂನಿಟ್ ದುಡ್ಡೇ 522 ರೂ., ಮೇಲೆ ನಿಗದಿತ ಶುಲ್ಕ, ತೆರಿಗೆ. 200 ದಾಟಿದರಂತೂ ಪೂರ್ತಿ ಬಿಲ್ ನಿಮ್ಮದೇ.

ಇದಕ್ಕಿಂತ ದೊಡ್ಡ ಏಟು ಸಬ್‌ಮೀಟರ್ ಮನೆಗಳಿಗೆ. ಓನರ್ ಕೆಳಗೆ, ಮೇಲೆ ಎರಡು ಬಾಡಿಗೆ ಮನೆ, ಮೂರಕ್ಕೂ ಒಂದೇ ಆರ್‌ಆರ್ ನಂಬರ್. ಮೂರೂ ಮನೆ ಸೇರಿ 200 ಸುಲಭವಾಗಿ ದಾಟುತ್ತೆ, ಯಾರಿಗೂ ಏನೂ ಸಿಗಲ್ಲ. ಬಾಡಿಗೆದಾರ ಓನರ್ ಹೇಳಿದ ರೇಟ್ ಕೊಡಬೇಕು. ಬಾಡಿಗೆ 500 ರೂ. ಕಮ್ಮಿ ಅಂತ ಇಂಥ ಮನೆ ಹಿಡಿದರೆ ಆ 500 ಕರೆಂಟಿಗೇ ಹೋಗಬಹುದು.

ಅಂಗಡಿಯವರದ್ದು ಇನ್ನೊಂದು ಪೀಕಲಾಟ. ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಒಂದೇ ಕಮರ್ಷಿಯಲ್ ಮೀಟರ್ ಇದ್ದರೆ ಮನೆಗೂ ಗೃಹಜ್ಯೋತಿ ಇಲ್ಲ. ಮನೆಗೆ ಬೇರೆ ಮೀಟರ್ ಹಾಕಿಸಿಕೊಂಡರೆ ಮಾತ್ರ ದಾರಿ.

ಮನೆ ಕೊಂಡುಕೊಳ್ಳೋರು ಹಳೇ ಬಾಕಿ ನೋಡಲೇಬೇಕು. ಹಿಂದಿನ ಮಾಲೀಕರ ಬಾಕಿ ತೀರಿದರೇ ಹೊಸಬರಿಗೆ ಸಂಪರ್ಕ ಅನ್ನೋ ಷರತ್ತು ಹಾಕಬಹುದು ಅಂತ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಗರಸಭೆ ನೀರಿನ ಬಿಲ್ಲನ್ನೂ ಜೊತೆಗೇ ಕೇಳಿ ನೋಡಿ.

ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಆ ಮನೆಯ ಕೊನೇ ಕರೆಂಟ್ ಬಿಲ್ ಕೇಳಿ ಇಸ್ಕೊಳ್ಳಿ. ಆರ್‌ಆರ್ ನಂಬರ್ ಬೇರೆ ಇದೆಯಾ, ಬಾಕಿ ಇದೆಯಾ, ಹಿಂದೆ ಇದ್ದವರ ಆಧಾರ್ ತೆಗೆಸಿದ್ದಾರಾ, ಮೂರೂ ಅಲ್ಲೇ ವಿಚಾರಿಸಿ. ಹಳೇ ಮನೆಯ ಡಿ-ಲಿಂಕ್ ಕೀ ಕೊಡೋ ದಿನವೇ ಮುಗಿಸಿ, ಆಮೇಲೆ ಹೊಸ ಮನೆಗೆ ಅರ್ಜಿ ಹಾಕಿ. ಬಾಡಿಗೆ ಕರಾರು ಪತ್ರ ಕೈಯಲ್ಲಿರಲಿ. ಗೊತ್ತಾಗದಿದ್ದರೆ ಬೆಸ್ಕಾಂ ಸಹಾಯವಾಣಿ 1912.