ಸೊನ್ನೆಗೆ ಸೊನ್ನೆ ಅನ್ನುತ್ತಾ ನಿಮ್ಮ ಸೆನ್ಸರ್?

ಡೇಟಾಶೀಟ್ ನೋಡಿ ಸೆನ್ಸರ್ ಕೊಳ್ಳೋದು ಅಂದ್ರೆ ಜಾತಕ ನೋಡಿ ಮದುವೆ ಆದ ಹಾಗೆ. ನಿಜಗುಣ ಗೊತ್ತಾಗೋದು ಆಮೇಲೆ :-)

ಪೋಲರೈಸೇಶನ್ ಕ್ಯಾಮೆರಾ ಗೊತ್ತಿಲ್ಲದವರಿಗೆ ಎರಡು ಮಾತು. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಎಲ್‌ಸಿಡಿ ಪರದೆ ಮುಂದೆ ಹಿಡಿದು ತಿರುಗಿಸಿದರೆ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತಲ್ಲ, ಅದೇ ಆಟ. ಸೋನಿಯವರ ಐಎಂಎಕ್ಸ್250ಎಂಝಡ್‌ಆರ್ ಚಿಪ್‌ನಲ್ಲಿ 3.45 ಮೈಕ್ರಾನಿನ ಒಂದೊಂದು ಪಿಕ್ಸೆಲ್ಲಿಗೂ ಲೋಹದ ತಂತಿಗಳ ಪುಟಾಣಿ ಜಾಲರಿ ಇದೆ. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳಿಗೆ 0, 45, 90, 135 ಡಿಗ್ರಿ. ನಾಲ್ಕನ್ನೂ ಹೋಲಿಸಿ ಬೆಳಕು ಶೇಕಡಾ ಎಷ್ಟು ಪೋಲರೈಸ್ ಆಗಿದೆ ಅಂತ ಲೆಕ್ಕ ಹಾಕೋದು ನಮ್ಮಂಥ ಸಾಫ್ಟ್‌ವೇರ್ ಜನರ ಪಾಡು.

ಇಂಥ ಸೆನ್ಸರ್ ಪರೀಕ್ಷೆ ಅಂದ ಕೂಡಲೇ ಎಲ್ಲರೂ ಕೇಳೋದು ಎಕ್ಸ್‌ಟಿಂಕ್ಷನ್ ರೇಶಿಯೋ. ಮುಂದೆ ಒಂದು ಒಳ್ಳೇ ಪೋಲರೈಸರ್ ತಿರುಗಿಸುತ್ತಾ, ಪಿಕ್ಸೆಲ್‌ನ ಗರಿಷ್ಠ ಓದನ್ನು ಕನಿಷ್ಠದಿಂದ ಭಾಗಿಸಿದರೆ ಬರುವ ಸಂಖ್ಯೆ. ಅದು 10 ಇದ್ದರೆ ಪೂರ್ತಿ ಪೋಲರೈಸ್ ಆದ ಬೆಳಕೂ ಶೇ. 82 ಅಂತ ಕಾಣುತ್ತೆ. 100 ಇದ್ದರೆ ಶೇ. 98. ಬೇಕಾದ ಸಂಖ್ಯೆಯೇ, ಇಲ್ಲ ಅನ್ನಲ್ಲ. ಆದರೆ ಅದು ಬೆಳಕಿನ ಬಣ್ಣದ ಜೊತೆ ಬದಲಾಗುತ್ತೆ, ಬೆಳಕು ಓರೆಯಾಗಿ ಬಿದ್ದರೂ ಬದಲಾಗುತ್ತೆ. ಒಂದೇ ಒಂದು ಸಂಖ್ಯೆ ಬರೆದು ಕೈ ತೊಳೆದುಕೊಂಡರೆ ಹೇಗೆ?

ನನ್ನ ತಕರಾರು ಅದಕ್ಕಿಂತ ದೊಡ್ಡದು. ಏನೇನೂ ಪೋಲರೈಸ್ ಆಗದ ಬೆಳಕು ಕೊಟ್ಟಾಗ ಸೆನ್ಸರ್ ಏನು ಹೇಳುತ್ತೆ ಅನ್ನೋದನ್ನ ಯಾಕೆ ಮೊದಲು ನೋಡಲ್ಲ? 0 ಡಿಗ್ರಿ ಪಿಕ್ಸೆಲ್ 90ರದಕ್ಕಿಂತ ಬರೀ ಶೇ. 2 ಚುರುಕಾಗಿದ್ದರೂ ಸಾಕು, ಇಲ್ಲದ ಪೋಲರೈಸೇಶನ್ ಶೇ. 1ರಷ್ಟು ಹುಟ್ಟಿಕೊಳ್ಳುತ್ತೆ. ಪ್ಲಾಸ್ಟಿಕ್ ಮೇಲಿನ ಸಣ್ಣ ಗೀರು ಹುಡುಕೋಕೆ ಶೇ. 2ಕ್ಕೆ ಗೆರೆ ಎಳೆದಿದ್ದೀರಿ ಅಂದುಕೊಳ್ಳಿ, ಅರ್ಧ ದಾರಿ ಸುಳ್ಳೇ ನಡೆದುಬಿಟ್ಟಿತು! ಒಳ್ಳೇ ಮಾಲು ಕಸಕ್ಕೆ ಹೋಗುತ್ತೆ, ಬೈಗುಳ ಅಲ್ಗಾರಿದಮ್ಮಿಗೆ.

ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಒಳಗೆ ಬಿಳಿ ಬಳಿದ ಇಂಟಿಗ್ರೇಟಿಂಗ್ ಸ್ಫಿಯರ್ ಮುಂದೆ ಕ್ಯಾಮೆರಾ ಇಟ್ಟು ನೂರಾರು ಫ್ರೇಮ್ ಸರಾಸರಿ ತೆಗೆಯೋದು. ಆಮೇಲೆ ಕ್ಯಾಮೆರಾವನ್ನೇ 90 ಡಿಗ್ರಿ ಹೊರಳಿಸಿ ಮತ್ತೆ ತೆಗೆಯೋದು. ಚಿತ್ರದಲ್ಲಿ ಕಂಡ ಕೋನ ಅಲ್ಲಾಡದೆ ಹಾಗೇ ಇದ್ದರೆ ಅದು ಕ್ಯಾಮೆರಾದ್ದೇ ಸುಳ್ಳು, ಬೆಳಕಿನ ತಪ್ಪಲ್ಲ. ಇದನ್ನ ನೀವು ಬಳಸುವ ಲೆನ್ಸ್ ಹಾಕಿಯೇ ಮಾಡಬೇಕು, ಅಪರ್ಚರ್ ಬದಲಿಸಿದರೆ ಮತ್ತೆ ಮಾಡಬೇಕು. ಮಧ್ಯದ ಪಿಕ್ಸೆಲ್ಲಿಗೆ ನೇರ ಬೀಳುವ ಬೆಳಕು ಮೂಲೆಯದಕ್ಕೆ ಓರೆಯಾಗಿ ಬೀಳುತ್ತಲ್ಲ.

ಮಾರುವವರು ಈ ಸೊನ್ನೆಯ ನಕ್ಷೆಯನ್ನ, ಮೂಲೆಗಳನ್ನೂ ಸೇರಿಸಿ, ಡೇಟಾಶೀಟ್‌ನಲ್ಲೇ ಹಾಕಲಿ ಅಂತ ನನ್ನ ವಾದ. ನೀವೇನಂತೀರಿ?