ಕಳೆದ ಒಡವೆ ಮತ್ತು ಕಂಡವನ ಧರ್ಮ

ಒಬ್ಬರು ಕಳೆದುಕೊಂಡ ಬೆಲೆಯುಳ್ಳ ವಸ್ತು ಮತ್ತೊಬ್ಬರ ಕೈಗೆ ಸಿಕ್ಕಿದಾಗ, ಸಿಕ್ಕಿತೆಂಬ ಮಾತ್ರದಿಂದಲೇ ಅದು ಸಿಕ್ಕವನ ಸ್ವತ್ತಾಗುವುದೆ, ಅಥವಾ ಕಳೆದುಕೊಂಡವನ ಒಡೆತನವು ಮಣ್ಣಿನೊಳಗೂ ಹೊಳೆಯ ಕೆಸರಿನೊಳಗೂ ಆ ವಸ್ತುವಿನೊಡನೆಯೇ ಉಳಿದಿರುವುದೆ ಎಂಬುದು ಧರ್ಮಶಾಸ್ತ್ರಕಾರರನ್ನೂ ನ್ಯಾಯಾಧಿಪತಿಗಳನ್ನೂ ಬಹುಕಾಲದಿಂದ ಚಿಂತನೆಗೆ ಹಚ್ಚಿದ ಪ್ರಶ್ನೆ. ಹಿಂದೆ ಅದು ದಾರಿಹೋಕನ ಪ್ರಶ್ನೆಯಾಗಿತ್ತು. ಕಾಲಿಗೆ ತೊಡರಿದ್ದನ್ನು ಎತ್ತಿಕೊಳ್ಳಬೇಕೆ, ಬಿಟ್ಟು ಮುಂದೆ ನಡೆಯಬೇಕೆ ಎಂಬಷ್ಟರಲ್ಲಿ ಮುಗಿಯುತ್ತಿತ್ತು. ಈಗ ಜನರು ಮೆಟಲ್ ಡಿಟೆಕ್ಟರ್ ಎಂದು ಕರೆಯುವ ಲೋಹಶೋಧಕ ಯಂತ್ರವು ಹವ್ಯಾಸಿಗಳ ಕೈಸೇರಿದೆ. ಅದರ ತುದಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಕಾಂತಕ್ಷೇತ್ರವನ್ನು ಉಂಟುಮಾಡಿ, ಆ ಕ್ಷೇತ್ರದೊಳಗೆ ಬಂದ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನೆಬ್ಬಿಸಿ, ಅವುಗಳ ಪ್ರತಿಕ್ರಿಯೆಯನ್ನು ಧ್ವನಿಯಾಗಿ ಕಿವಿಗೆ ಮುಟ್ಟಿಸುತ್ತದೆ. ಗೇಣು ಮಣ್ಣಿನ ಕೆಳಗೆ ಹುದುಗಿದ ಉಂಗುರವೂ ಅದರಿಂದ ಅಡಗಿರಲಾರದು. ಕಣ್ಣಿಗೆ ಕಾಣದ್ದನ್ನು ಹುಡುಕಿ ತೆಗೆಯುವ ಈ ಶಕ್ತಿ ದೊರೆತವನಿಗೆ ಅದಕ್ಕೆ ಸಮನಾದ ಧರ್ಮವೂ ಒದಗಬೇಡವೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ನಮ್ಮ ಸೀಮೆಯಲ್ಲಿ ಈ ಹವ್ಯಾಸ ಇನ್ನೂ ಬೇರೂರಿಲ್ಲವಾದರೂ, ಅದಕ್ಕೆ ವಸ್ತುವಾಗಬಲ್ಲ ನಷ್ಟಗಳು ಇಲ್ಲಿ ಹೇರಳವಾಗಿವೆ. ತುಳಸಿಗೇರಿಯ ಹನುಮಪ್ಪನ ಜಾತ್ರೆಯ ನೂಕುನುಗ್ಗಲಿನಲ್ಲಿಯೂ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ನೆರೆಯುವ ಜನಸಾಗರದಲ್ಲಿಯೂ ಒಬ್ಬಳ ಕಿವಿಯ ಝುಮಕಿ, ಮತ್ತೊಬ್ಬಳ ಬೋರಮಾಳದ ಗುಂಡು ಕಳಚಿ ಬೀಳುವುದು ಅಪೂರ್ವವಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮೀಯುವವರ ಬೆರಳಿನಿಂದ ಉಂಗುರವೂ, ಕೊರಳಿನಿಂದ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯೂ ಜಾರಿ ನೀರು ಸೇರಬಹುದು. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಮಲಪ್ರಭೆ ಉಕ್ಕಿದಾಗ ದಂಡೆಯ ಹಳ್ಳಿಗಳ ಮಣ್ಣಿನ ಮಾಳಿಗೆಮನೆಗಳು ಕುಸಿದವು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಎಷ್ಟೋ ಕೇರಿಗಳನ್ನು ನುಂಗಿ ಅಲ್ಲಿನವರನ್ನು ನವನಗರಕ್ಕೆ ಕಳುಹಿಸಿತು. ಗೋಡೆಯ ಗೂಡಿನಲ್ಲಿಯೋ ಒಲೆಯ ಮಗ್ಗುಲಲ್ಲಿಯೋ ಕಷ್ಟಕಾಲಕ್ಕೆಂದು ಇರಿಸಿದ ನಾಲ್ಕು ಗುಂಜಿ ಬಂಗಾರ ಇಂಥ ಮಣ್ಣಿನಲ್ಲಿ ಬೆರೆತುಹೋದ ಮೇಲೆ, ನೆರೆ ಇಳಿದ ದಂಡೆಯ ಮೇಲೆ ಯಂತ್ರ ಹಿಡಿದು ನಡೆಯುವವನಿಗೆ ಸಿಕ್ಕುವುದು ಬರಿಯ ಲೋಹವೆಂದು ಹೇಳಲು ಸಾಧ್ಯವೆ?

ವಿಚಾರವು ಸ್ಪಷ್ಟವಾಗಬೇಕಾದರೆ ಮೊದಲು ವಸ್ತುಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳುವುದು ಅವಶ್ಯ. ಒಡೆಯನು ತಾನಾಗಿಯೇ ಬಿಟ್ಟುಕೊಟ್ಟದ್ದು ಮೊದಲನೆಯದು. ಅವನ ಇಚ್ಛೆಗೆ ವಿರುದ್ಧವಾಗಿ ಕಳೆದುಹೋದದ್ದು ಎರಡನೆಯದು. ಯಾರೋ ಪೂರ್ವಿಕರು ಹೂತಿಟ್ಟು, ಈಗ ಒಡೆಯನ ಗುರುತೇ ಅಳಿದುಹೋದದ್ದು ಮೂರನೆಯದು. ಎರೆಹೊಲದಲ್ಲಿ ಜೋಳ ಕೊಯ್ದ ಮೇಲೆ ಉದುರಿ ಉಳಿದ ಹಕ್ಕಲು ತೆನೆಗಳನ್ನು ಬಡವರು ಆಯ್ದುಕೊಂಡು ಹೋದರೆ ಒಕ್ಕಲಿಗನು ಅದನ್ನು ಕಳವೆನ್ನುವುದಿಲ್ಲ, ಏಕೆಂದರೆ ಅದನ್ನು ಅವನು ಮನಸ್ಸಿನಲ್ಲಿಯೇ ಬಿಟ್ಟುಕೊಟ್ಟಿದ್ದಾನೆ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ನಡೆಸುತ್ತಿದ್ದುದು ಈ ಮೊದಲನೆಯ ಬಗೆಗೆ ಸೇರಿದ ಕಾಯಕ. ಆದರೂ ಒಂದು ದಿನ ಅವನು ಅಗತ್ಯಕ್ಕೆ ಮೀರಿ ತಂದಾಗ, ಮಡದಿ ಲಕ್ಕಮ್ಮನು ಅದನ್ನು ಒಪ್ಪದೆ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಪ್ರಸಿದ್ಧಿಯನ್ನು ಗಮನಿಸಬೇಕು. ಬಿಟ್ಟುಕೊಟ್ಟ ವಸ್ತುವಿನಲ್ಲಿಯೇ ಮಿತಿಯನ್ನು ಕಂಡ ಆ ತಾಯಿಯ ವಿವೇಕವು, ಕಳೆದ ವಸ್ತುವಿನ ವಿಷಯದಲ್ಲಿ ಇನ್ನೆಷ್ಟು ನಿಷ್ಠುರವಾಗಿ ನುಡಿಯುತ್ತಿದ್ದೀತೆಂಬುದನ್ನು ಊಹಿಸಬಹುದು. ಅದೇ ಕಾಲದ ಶರಣೆ ಸತ್ಯಕ್ಕನಂತೂ ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯಿಂದ ಮುಟ್ಟಿ ಎತ್ತಲಾರೆನೆಂದು ತನ್ನ ವಚನದಲ್ಲಿ ಆಣೆಯಿಟ್ಟಿದ್ದಾಳೆ.

ಸತ್ಯಕ್ಕನ ವ್ರತವು ಆತ್ಮಶುದ್ಧಿಯ ಪರಮಾವಧಿ. ಆದರೆ ಸಮಾಜದ ದೃಷ್ಟಿಯಿಂದ ನೋಡುವಾಗ ಎಲ್ಲರೂ ಮುಟ್ಟದೆ ನಡೆದುಹೋದರೆ ಬಿದ್ದ ವಸ್ತು ಒಡತಿಗೆ ಮರಳುವುದಾದರೂ ಹೇಗೆ? ಆದುದರಿಂದ ಎತ್ತುವ ಕ್ರಿಯೆಯಲ್ಲಿ ದೋಷವಿಲ್ಲ, ಎತ್ತುವಾಗಿನ ಸಂಕಲ್ಪದಲ್ಲಿದೆ ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ೧೮೬೦ರ ಭಾರತೀಯ ದಂಡಸಂಹಿತೆಯು ತನ್ನ ೪೦೩ನೆಯ ಕಲಮಿನಲ್ಲಿ ಇದೇ ನಿರ್ಣಯವನ್ನು ಹೇಳಿತ್ತು. ಒಡೆಯನಿಗೆ ಮರಳಿಸುವುದಕ್ಕಾಗಿಯೋ ಅವನ ಪರವಾಗಿ ಕಾಪಾಡುವುದಕ್ಕಾಗಿಯೋ ಎತ್ತಿಕೊಂಡವನು ನಿರ್ದೋಷಿ. ಒಡೆಯನನ್ನು ಬಲ್ಲವನಾಗಿಯೂ, ಅಥವಾ ಅವನನ್ನು ಪತ್ತೆಹಚ್ಚಲು ಯುಕ್ತವಾದ ಪ್ರಯತ್ನವನ್ನು ಮಾಡದೆಯೂ ತನ್ನದಾಗಿಸಿಕೊಂಡವನು ಅಪರಾಧಿ. ರಾಜಮಾರ್ಗದಲ್ಲಿ ಸಿಕ್ಕ ಯಾರದೆಂದರಿಯದ ಒಂದು ರೂಪಾಯಿಯನ್ನು ಎತ್ತಿಕೊಂಡವನಿಗೆ ಅಪರಾಧವಿಲ್ಲವೆಂದೂ, ಬೆಲೆಬಾಳುವ ಉಂಗುರವನ್ನು ಕಂಡು ಒಡೆಯನನ್ನು ಹುಡುಕದೆ ಕೂಡಲೆ ಮಾರಿದವನಿಗೆ ಅಪರಾಧವುಂಟೆಂದೂ ಆ ಕಲಮಿನ ಕೆಳಗಿನ ಉದಾಹರಣೆಗಳು ವಿವರಿಸುತ್ತಿದ್ದುವು. ೨೦೨೪ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ತನ್ನ ೩೧೪ನೆಯ ಕಲಮಿನಲ್ಲಿ ಈ ತತ್ತ್ವವನ್ನು ಉಳಿಸಿಕೊಂಡಿದೆ.

ಹವ್ಯಾಸಿ ಶೋಧಕನ ಹೊಣೆಯು ಸಾಮಾನ್ಯ ದಾರಿಹೋಕನ ಹೊಣೆಗಿಂತ ಹಿರಿದೆಂಬುದೇ ನನ್ನ ಮುಖ್ಯ ವಾದ. ದಾರಿಹೋಕನು ಅಕಸ್ಮಾತ್ತಾಗಿ ಕಂಡವನು. ವಸ್ತು ಯಾರದು, ಯಾವಾಗ ಬಿದ್ದುದು ಎಂಬುದೊಂದನ್ನೂ ಅರಿಯೆನೆಂದು ಅವನು ಹೇಳಿಕೊಂಡರೆ ಅದರಲ್ಲಿ ಸತ್ಯವಿರಬಹುದು. ಯಂತ್ರ ಹಿಡಿದು ಹೊರಟವನಾದರೋ ಜನರು ಎಲ್ಲಿ ಕಳೆದುಕೊಳ್ಳುತ್ತಾರೆಂಬುದನ್ನು ಮುಂಚಿತವಾಗಿ ಲೆಕ್ಕಹಾಕಿಯೇ ಜಾತ್ರೆಯ ಬಯಲನ್ನೂ ಸ್ನಾನಘಟ್ಟವನ್ನೂ ಆರಿಸಿಕೊಂಡವನು. ಕಳೆದುಕೊಂಡವರಿದ್ದಾರೆಂಬ ಜ್ಞಾನವೇ ಅವನ ಶೋಧದ ಮೂಲಧನವಾಗಿರುವಾಗ, ಸಿಕ್ಕಿದ ಮೇಲೆ ಅವರು ಇದ್ದಾರೆಂಬುದನ್ನು ಮರೆಯುವ ಅಧಿಕಾರ ಅವನಿಗೆಲ್ಲಿಯದು? ಅಕಸ್ಮಾತ್ತೆಂಬ ಸಮಾಧಾನವು ಹುಡುಕಿಕೊಂಡು ಹೋದವನಿಗೆ ಸಲ್ಲದು. ಮಾತ್ರವಲ್ಲದೆ, ನೆಲದ ಮೇಲಿನ ವಸ್ತುವನ್ನು ಒಡತಿಯೇ ಮರಳಿ ಬಂದು ಕಾಣುವ ಸಂಭವ ಸ್ವಲ್ಪವಾದರೂ ಇರುತ್ತದೆ. ನೆಲದೊಳಗಿನದನ್ನು ಕಾಣಬಲ್ಲವನು ಯಂತ್ರವುಳ್ಳವನೊಬ್ಬನೇ ಆದುದರಿಂದ, ಅವನು ಮರಳಿಸದಿದ್ದರೆ ಮರಳಿಸುವವರು ಮತ್ತಾರೂ ಇಲ್ಲ.

ಇದಕ್ಕೆ ಎದುರಾಗಿ ಹೇಳತಕ್ಕ ಮಾತುಗಳಲ್ಲಿ ಪ್ರಬಲವಾದುದು ಶ್ರಮದ ಮಾತು. ಬಿಸಿಲಿನಲ್ಲಿ ಅಲೆದು, ಹಣ ತೆತ್ತು ಯಂತ್ರ ಕೊಂಡು, ಮೊಳೆ ತಗಡುಗಳನ್ನು ನೂರು ಸಲ ಅಗೆದು ತೆಗೆದ ಮೇಲೆ ಒಂದು ಉಂಗುರ ಸಿಕ್ಕರೆ ಅದು ಆ ಶ್ರಮದ ಫಲವಲ್ಲವೆ ಎಂದು ಕೇಳುವವರನ್ನು ಲೋಭಿಗಳೆಂದು ತಳ್ಳಿಹಾಕುವುದು ಸರಿಯಲ್ಲ. ಕಪ್ಪತಗುಡ್ಡದ ಹಳ್ಳಗಳ ಮರಳನ್ನೂ ಪತ್ತಾರರ ಅಂಗಡಿಯ ಬೂದಿಯನ್ನೂ ಗಾಳಿಸಿ ಬಂಗಾರದ ಕಣಗಳನ್ನು ತೆಗೆಯುತ್ತಿದ್ದ ಜಾಲಗಾರರ ಬದುಕು ಅಂಥ ಶ್ರಮದ ಮೇಲೆಯೇ ನಿಂತಿತ್ತು, ಮತ್ತು ಅವರು ಪಡೆದ ಕಣ ನ್ಯಾಯವಾಗಿ ಅವರದೇ ಆಗಿತ್ತು. ಆದರೆ ಹಳ್ಳದ ಕಣಕ್ಕೆ ಬೇರೊಬ್ಬ ಒಡೆಯನಿರಲಿಲ್ಲ. ಪತ್ತಾರನ ಬೂದಿ ಅವನೇ ಒಪ್ಪಿ ಕೊಟ್ಟದ್ದು. ಒಡತಿಯುಳ್ಳ ಉಂಗುರದ ಮೇಲೆ ಸುರಿಸಿದ ಬೆವರು ಕೂಲಿಗೆ ಕಾರಣವಾಗಬಹುದೇ ಹೊರತು ಒಡೆತನಕ್ಕೆ ಕಾರಣವಾಗಲಾರದು. ೧೮೭೨ರ ಭಾರತೀಯ ಕರಾರು ಶಾಸನವು ಈ ಭೇದವನ್ನು ಸೂಕ್ಷ್ಮವಾಗಿ ಗುರುತಿಸಿದೆ. ಸಿಕ್ಕ ವಸ್ತುವನ್ನು ವಶಕ್ಕೆ ತೆಗೆದುಕೊಂಡವನು ಇನ್ನೊಬ್ಬರು ಒಪ್ಪಿಸಿದ ಇಡುಗಂಟನ್ನು ಕಾಯುವವನಷ್ಟೇ ಹೊಣೆಗಾರನೆಂದು ಅದು ಹೇಳುತ್ತದೆ. ವಸ್ತುವನ್ನು ಕಾಪಾಡುವುದಕ್ಕೂ ಒಡೆಯನನ್ನು ಹುಡುಕುವುದಕ್ಕೂ ತಗುಲಿದ ವೆಚ್ಚ ಕೈಸೇರುವವರೆಗೆ ವಸ್ತುವನ್ನು ತನ್ನಲ್ಲಿ ಇರಿಸಿಕೊಳ್ಳಲು ಅವನಿಗೆ ಅಧಿಕಾರ ಕೊಡುತ್ತದೆ. ಒಡೆಯನು ಇಂತಿಷ್ಟು ಬಹುಮಾನವೆಂದು ಸಾರಿದ್ದರೆ ಅದಕ್ಕಾಗಿ ದಾವೆ ಹೂಡಲೂ ಅವಕಾಶ ನೀಡುತ್ತದೆ. ಜಪಾನಿನ ಶಾಸನವು ಇನ್ನೂ ಮುಂದೆ ಹೋಗಿ, ಮರಳಿಸಿದವನಿಗೆ ವಸ್ತುವಿನ ಬೆಲೆಯಲ್ಲಿ ನೂರಕ್ಕೆ ೫ರಿಂದ ೨೦ರವರೆಗೆ ಬಹುಮಾನ ಸಲ್ಲಬೇಕೆಂದು ವಿಧಿಸಿದೆ. ಮರಳಿ ಪಡೆದವರು ಕೃತಜ್ಞತೆಯನ್ನು ಬರಿಯ ಮಾತಿನಲ್ಲಿ ಮುಗಿಸದೆ ಶೋಧಕನ ಶ್ರಮವನ್ನು ಮನ್ನಿಸತಕ್ಕದ್ದು. ಧರ್ಮವು ಎರಡೂ ಕಡೆಯವರನ್ನು ಕಟ್ಟುತ್ತದೆ.

ಒಡತಿಯು ಆಸೆಯನ್ನು ಎಂದೋ ಬಿಟ್ಟಿದ್ದಾಳೆ, ಆದುದರಿಂದ ಈಗ ಅದು ಯಾರದೂ ಅಲ್ಲ ಎಂಬುದು ಎರಡನೆಯ ಆಕ್ಷೇಪ. ಆಸೆ ಬಿಡುವುದು ಬೇರೆ, ಹಕ್ಕು ಬಿಡುವುದು ಬೇರೆ. ಹುಡುಕಿ ಹುಡುಕಿ ದಣಿದು ಕಣ್ಣೀರೊರೆಸಿಕೊಂಡು ಮನೆಗೆ ಮರಳಿದವಳು ತನ್ನ ತಾಳಿಯ ಗುಂಡನ್ನು ಲೋಕಕ್ಕೆ ದಾನ ಮಾಡಿದವಳಲ್ಲ. ನಿರುಪಾಯತೆಯನ್ನು ಸಮ್ಮತಿಯೆಂದು ತಿಳಿಯುವುದು ಅವಳ ದುಃಖವನ್ನೇ ಸಾಕ್ಷಿಯಾಗಿ ಅವಳ ವಿರುದ್ಧ ತಿರುಗಿಸಿದಂತೆ. ಮೇಲಾಗಿ, ಇಂಥ ವಸ್ತುಗಳಿಗೆ ಪೇಟೆಯ ಬೆಲೆಯೊಂದೇ ಬೆಲೆಯಲ್ಲ. ದೀಕ್ಷೆಯ ದಿನ ಗುರುವಿನಿಂದ ಪಡೆದ ಇಷ್ಟಲಿಂಗವನ್ನು ಹೊತ್ತ ಬೆಳ್ಳಿಯ ಕರಡಿಗೆಯು ಪತ್ತಾರನ ತಕ್ಕಡಿಯಲ್ಲಿ ಕೆಲವೇ ತೊಲ ತೂಗಬಹುದು. ಧರಿಸಿದವನಿಗೆ ಅದು ಜೀವಮಾನದ ಸಂಗಾತಿ. ತೀರಿಕೊಂಡ ತಾಯಿ ಮದುವೆಯಲ್ಲಿ ತೊಡಿಸಿದ ಉಂಗುರಕ್ಕೆ ಬದಲಾಗಿ ಅದೇ ತೂಕದ ಇನ್ನೊಂದನ್ನು ಕೊಂಡರೂ ಕಳೆದದ್ದು ತುಂಬುವುದಿಲ್ಲ. ಶೋಧಕನ ಕೈಯಲ್ಲಿ ಕೇವಲ ಹಣವಾಗಿ ಪರಿಣಮಿಸುವ ವಸ್ತುವು ಒಡತಿಯ ಕೈಯಲ್ಲಿ ಅದಕ್ಕಿಂತ ಎಷ್ಟೋ ಮೇಲಾದುದಾಗಿ ಬಾಳುವುದಾದರೆ, ಲೋಕದ ಒಟ್ಟು ಹಿತವೂ ಮರಳಿಸುವ ಪಕ್ಷದಲ್ಲಿಯೇ ನಿಲ್ಲುತ್ತದೆ.

ಒಡೆಯನು ಯಾರೆಂದು ನಿರ್ಣಯಿಸುವುದು ಹೇಗೆ, ಸುಳ್ಳು ಹಕ್ಕುದಾರರು ಮುಂದೆ ಬಂದರೇನು ಗತಿ ಎಂಬ ಆಕ್ಷೇಪವು ವ್ಯವಹಾರಕ್ಕೆ ಸಂಬಂಧಿಸಿದ್ದು. ಅದಕ್ಕೆ ನಮ್ಮ ಪ್ರಾಚೀನರೇ ಉತ್ತರವನ್ನು ಯೋಚಿಸಿದ್ದರು. ವಸ್ತುವಿನ ರೂಪ, ಸಂಖ್ಯೆ ಮುಂತಾದುವನ್ನು ಕೇಳಿ, ಸರಿಯಾಗಿ ಹೇಳಿದವನಿಗೆ ಮಾತ್ರ ಕೊಡತಕ್ಕದ್ದೆಂದು ಮನುಸ್ಮೃತಿ ವಿಧಿಸುತ್ತದೆ. ಒಡೆಯನಿಗಾಗಿ ಮೂರು ವರ್ಷ ಕಾಯಬೇಕೆಂದು ಅದು ಹೇಳಿದರೆ, ಯಾಜ್ಞವಲ್ಕ್ಯಸ್ಮೃತಿಯು ಒಂದು ವರ್ಷದ ಅವಧಿಯನ್ನು ಗೊತ್ತುಪಡಿಸಿದೆ. ಆ ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರವೆಂಬ ಲೋಕಪ್ರಸಿದ್ಧ ವ್ಯಾಖ್ಯಾನವನ್ನು ಬರೆದದ್ದು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ನಮ್ಮ ಕನ್ನಡ ನಾಡಿನಲ್ಲಿಯೇ. ಶೋಧಕನು ಇಂದು ಮಾಡಬೇಕಾದುದೂ ಇಷ್ಟೇ: ಉಂಗುರ ಸಿಕ್ಕಿದೆಯೆಂದು ಸಾರಬೇಕು, ಅದರ ಒಳಮೈಯಲ್ಲಿ ಕೊರೆದ ಅಕ್ಷರವನ್ನೂ ಹರಳಿನ ಬಣ್ಣವನ್ನೂ ಮಾತ್ರ ಗುಟ್ಟಾಗಿಡಬೇಕು, ಕೇಳಿಬಂದವರಿಂದಲೇ ಆ ಗುರುತನ್ನು ಹೇಳಿಸಬೇಕು, ದೇವಸ್ಥಾನದ ಕಚೇರಿಗೆ, ಪಂಚಾಯಿತಿಗೆ, ಪೋಲೀಸು ಠಾಣೆಗೆ ಬರೆದು ತಿಳಿಸಬೇಕು. ಇಷ್ಟು ಮಾಡಿಯೂ ಯಾರೂ ಬಾರದಿದ್ದರೆ ಅವನ ಆತ್ಮಸಾಕ್ಷಿ ನಿರ್ಮಲವಾಗಿ ಉಳಿಯುತ್ತದೆ. ಅಸಾಧ್ಯವಾದುದನ್ನು ಧರ್ಮವು ಯಾರಿಂದಲೂ ಬೇಡುವುದಿಲ್ಲ. ಸಾಧ್ಯವಾದುದನ್ನು ಬಿಟ್ಟುಕೊಡುವುದೂ ಇಲ್ಲ.

ಇನ್ನು ಮೂರನೆಯ ಬಗೆಯಾದ ನಿಧಿಯ ವಿಷಯ. ಇಲ್ಲಿ ಒಡೆಯನು ಕಾಲಗರ್ಭದಲ್ಲಿ ಲಯವಾಗಿರುವುದರಿಂದ ಮರಳಿಸುವುದಾದರೂ ಯಾರಿಗೆ ಎಂದು ಕೇಳಬಹುದು. ಸಮಸ್ತ ಜನಕ್ಕೆ ಎಂದೇ ಉತ್ತರ. ೧೮೭೮ರ ಭಾರತೀಯ ನಿಧಿ ಶಾಸನವು ೧೦ ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕಿದವನು ಕಲೆಕ್ಟರನಿಗೆ ಬರೆದು ತಿಳಿಸಬೇಕೆಂದಿತು. ಹಕ್ಕುದಾರರಿಲ್ಲವೆಂದು ಸ್ಥಿರಪಟ್ಟು, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಡವನಿಗೆ ನಾಲ್ಕರಲ್ಲಿ ಮೂರು ಪಾಲು, ನೆಲದೊಡೆಯನಿಗೆ ಒಂದು ಪಾಲು ಎಂದಿತು. ಸರಕಾರವೇ ಇರಿಸಿಕೊಳ್ಳುವ ಪಕ್ಷದಲ್ಲಿ ಲೋಹದ ಬೆಲೆಯ ಮೇಲೆ ಐದರಲ್ಲೊಂದು ಪಾಲನ್ನು ಹೆಚ್ಚಾಗಿ ತೆರಬೇಕೆಂದಿತು. ೧೯೬೨ರಲ್ಲಿ ನಮ್ಮ ರಾಜ್ಯಕ್ಕೆಂದೇ ಪ್ರತ್ಯೇಕ ನಿಧಿ ಶಾಸನವಾಯಿತು. ಆದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಂಥ ಭೂಮಿಯಲ್ಲಿ ಇಷ್ಟೂ ಸಾಲದು. ಅಲ್ಲಿ ಒಂದು ನಾಣ್ಯವು ಯಾವ ಪದರದಲ್ಲಿ, ಯಾವ ಮಡಕೆಯ ಚೂರಿನ ಪಕ್ಕದಲ್ಲಿ ಇತ್ತೆಂಬುದೇ ಅದರ ಅರ್ಥ; ಕಿತ್ತು ತೆಗೆದ ಕ್ಷಣದಲ್ಲಿ ಲೋಹ ಉಳಿದು ಚರಿತ್ರೆ ನಾಶವಾಗುತ್ತದೆ. ನಿಧಿಗಳ್ಳರು ಹಾಳುದೇಗುಲಗಳ ಗರ್ಭಗುಡಿಯನ್ನು ಅಗೆದು, ನಂದಿಯನ್ನೂ ಲಿಂಗಪೀಠವನ್ನೂ ಒಡೆದು ಮಾಡಿರುವ ಅನರ್ಥವನ್ನು ಈ ನಾಡು ಬಲ್ಲದು. ಸಂರಕ್ಷಿತ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದನ್ನು ೧೯೫೮ರ ಪ್ರಾಚೀನ ಸ್ಮಾರಕಗಳ ಶಾಸನವೂ ನಿಷೇಧಿಸಿದೆ. ಆದುದರಿಂದ ಅಂಥಲ್ಲಿ ಶೋಧಕನು ಯಂತ್ರವನ್ನು ಒಯ್ಯದಿರುವುದೇ ಧರ್ಮ.

ಎರಡನೆಯ ಮತ್ತು ಮೂರನೆಯ ಬಗೆಗಳೆರಡೂ ಒಂದೇ ಗುಂಡಿಯಲ್ಲಿ ಕೂಡಿದ ಅಪೂರ್ವ ಪ್ರಸಂಗವೊಂದು ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ನಡೆಯಿತು. ೧೯೯೨ರಲ್ಲಿ ಹಾಕ್ಸನ್ ಎಂಬ ಹಳ್ಳಿಯ ರೈತನೊಬ್ಬನು ಹೊಲದಲ್ಲಿ ಕಳೆದ ತನ್ನ ಸುತ್ತಿಗೆಯನ್ನು ಹುಡುಕಿಕೊಡೆಂದು ಯಂತ್ರವುಳ್ಳ ಗೆಳೆಯನನ್ನು ಕೇಳಿಕೊಂಡನು. ಹುಡುಕುತ್ತ ಹೋದವನಿಗೆ ರೋಮನ್ ಕಾಲದ ೧೪,೦೦೦ಕ್ಕೂ ಮಿಕ್ಕ ನಾಣ್ಯಗಳೂ ಚಿನ್ನ ಬೆಳ್ಳಿಯ ಒಡವೆಗಳೂ ಇದ್ದ ನಿಧಿ ಗೋಚರಿಸಿತು. ಅವನು ಎಲ್ಲವನ್ನೂ ಬಗೆದು ತೆಗೆಯದೆ ತಡವಿಲ್ಲದೆ ಅಧಿಕಾರಿಗಳಿಗೆ ತಿಳಿಸಿದುದರಿಂದ, ವಿದ್ವಾಂಸರು ಬಂದು ಪೆಟ್ಟಿಗೆಯೊಳಗೆ ಯಾವ ವಸ್ತು ಹೇಗೆ ಜೋಡಿಸಲ್ಪಟ್ಟಿತ್ತೆಂಬುದನ್ನೂ ದಾಖಲಿಸಿಕೊಳ್ಳುವುದು ಸಾಧ್ಯವಾಯಿತು. ಸುತ್ತಿಗೆಯೂ ಸಿಕ್ಕಿತು. ಅವನಿಗೆ ೧೭.೫ ಲಕ್ಷ ಪೌಂಡುಗಳ ಬಹುಮಾನ ದೊರೆಯಿತು. ಅದನ್ನು ಅವನು ರೈತನೊಡನೆ ಹಂಚಿಕೊಂಡನು. ಇದಕ್ಕೆ ವಿರುದ್ಧವಾಗಿ, ೨೦೧೫ರಲ್ಲಿ ಹೆರೆಫರ್ಡ್‌ಶೈರಿನ ಹೊಲವೊಂದರಲ್ಲಿ ಸಿಕ್ಕ ವೈಕಿಂಗ್ ಕಾಲದ ನಿಧಿಯನ್ನು ಮುಚ್ಚಿಟ್ಟು ಮಾರಿದ ಇಬ್ಬರು ಶೋಧಕರು ೨೦೧೯ರಲ್ಲಿ ದೀರ್ಘ ಕಾರಾಗೃಹವಾಸಕ್ಕೆ ಗುರಿಯಾದರು. ಆ ನಿಧಿಯಲ್ಲಿದ್ದ ನಾಣ್ಯಗಳಲ್ಲಿ ಹೆಚ್ಚಿನವು ಆ ವೇಳೆಗೆ ಚೆದುರಿಹೋಗಿದ್ದುವು. ಯಂತ್ರವೂ ಕೌಶಲವೂ ಎರಡು ಕಡೆಯಲ್ಲಿಯೂ ಒಂದೇ ತೆರನಾದುವು. ಒಬ್ಬನಿಂದ ನಾಡು ಜ್ಞಾನವನ್ನು ಪಡೆಯಿತು, ಮತ್ತಿಬ್ಬರಿಂದ ಅದನ್ನು ಕಳೆದುಕೊಂಡಿತು.

ಪ್ರಾಮಾಣಿಕತೆಯನ್ನು ವ್ಯಕ್ತಿಗಳಿಂದ ಬೇಡುವ ಸಮಾಜವು ಅದಕ್ಕೆ ಅನುಕೂಲವಾದ ದಾರಿಯನ್ನೂ ಕಲ್ಪಿಸಿಕೊಡಬೇಕು. ಸಿಕ್ಕ ವಸ್ತುವನ್ನು ಒಪ್ಪಿಸಲು ಹೋದವನು ಕಳ್ಳನಂತೆ ಪ್ರಶ್ನಿಸಲ್ಪಟ್ಟರೆ, ಸಲ್ಲಬೇಕಾದ ಪಾಲಿಗಾಗಿ ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತಿಳಿಯಬೇಕಾದರೆ, ಮುಂದಿನವನು ಮೌನವಾಗಿರುವುದನ್ನೇ ಕಲಿಯುತ್ತಾನೆ. ನಮ್ಮ ಜಾತ್ರೆಗಳಲ್ಲಿ ಕಳೆದ ಮತ್ತು ಸಿಕ್ಕ ವಸ್ತುಗಳಿಗೆಂದು ಒಂದು ದಾಖಲೆಯ ಪುಸ್ತಕ, ಅದನ್ನು ನೋಡಿಕೊಳ್ಳುವ ನಂಬಿಕೆಯ ಒಬ್ಬ ವ್ಯಕ್ತಿ, ಒಪ್ಪಿಸಿದವನಿಗೆ ರಸೀದಿ, ಮರಳಿ ಪಡೆದವರು ಕೊಡತಕ್ಕ ಬಹುಮಾನಕ್ಕೆ ಒಂದು ಕ್ರಮ ಇಷ್ಟಿದ್ದರೆ ಸಾಕು. ಯಂತ್ರವುಳ್ಳ ತರುಣರೂ ಜಾತ್ರೆ ಕಳೆದ ಮರುದಿನ ಸಂತೋಷದಿಂದ ಸೇವೆಗೆ ಬಂದಾರು. ನೆರೆ ಬಂದಾಗ ಕುಸಿದ ಮನೆಗಳ ಮಣ್ಣನ್ನು ಮನೆಯವರ ಸಮ್ಮುಖದಲ್ಲಿಯೇ ಶೋಧಿಸಿಕೊಡುವ ಕೆಲಸಕ್ಕೂ ಅವರ ಕೌಶಲವು ಸಲ್ಲಬಹುದು. ಹೀಗಾದ ಪಕ್ಷದಲ್ಲಿ ಇದು ಇತರರ ನಷ್ಟವನ್ನು ಆಧರಿಸಿದ ಹವ್ಯಾಸವಾಗಿ ಉಳಿಯದೆ, ಆ ನಷ್ಟವನ್ನು ತುಂಬಿಕೊಡುವ ಕಾಯಕವಾಗುತ್ತದೆ. ಕಂಡುಹಿಡಿಯುವ ಸಾಮರ್ಥ್ಯವು ಮನುಷ್ಯನಿಗೆ ಹೆಚ್ಚಿದಷ್ಟೂ ಒಡೆಯನನ್ನು ಹುಡುಕುವ ಹೊಣೆಯೂ ಹೆಚ್ಚುತ್ತದೆ. ವಸ್ತುವನ್ನು ಹುಡುಕಲು ತೋರಿದ ತಾಳ್ಮೆಯನ್ನೇ ಅದರ ಒಡತಿಯನ್ನು ಹುಡುಕುವುದರಲ್ಲಿಯೂ ತೋರಿದವನ ಶೋಧ ಮಾತ್ರವೇ ಪೂರ್ಣವಾದ ಶೋಧ.