ದೇವರು ಕಟ್ಟಿದ ಒಡ್ಡು

ನೆಲ ಏರುವುದನ್ನು ಕಣ್ಣಾರೆ ಕಂಡವರು ವಿರಳ. ಅಜ್ಜನು ಕಂಡ ಬೆಟ್ಟವನ್ನೇ ಮೊಮ್ಮಗನೂ ಕಾಣುತ್ತಾನೆ. ಆದರೆ 1819ರ ಜೂನ್ 16ರಂದು ಕಚ್ಛದ ಜನರಿಗೆ ಆ ಅಪೂರ್ವ ದರ್ಶನ ಲಭಿಸಿತು. ಅದಕ್ಕೆ ಅವರು ತೆತ್ತ ಬೆಲೆ ಅಲ್ಪವಲ್ಲ.

ಅಂದು ಸಂಜೆ ಸಂಭವಿಸಿದ ಭೂಕಂಪದಲ್ಲಿ ಭುಜ್ ಪಟ್ಟಣದ ಮನೆಗಳು ನೆಲಸಮವಾದವು. ಸಾವಿರಕ್ಕೂ ಮಿಕ್ಕ ಜನ ಮಡಿದರು. ದೂರದ ಅಹಮದಾಬಾದಿನಲ್ಲಿ ಜಾಮಿ ಮಸೀದಿಯ ಮಿನಾರುಗಳು ಉರುಳಿದವು. ರಣ್ ಎಂಬ ಉಪ್ಪಿನ ಬಯಲಿನಲ್ಲಿ ಸಿಂದ್ರಿ ಎಂಬ ಪುಟ್ಟ ಕೋಟೆಯಿತ್ತು. ಅದರ ಸುತ್ತಣ ನೆಲ ಕುಸಿದು, ಸಮುದ್ರದ ನೀರು ಒಳನುಗ್ಗಿತು. ಕೋಟೆಯವರು ಮುಳುಗದೆ ಉಳಿದ ಒಂದು ಬುರುಜನ್ನೇರಿ ರಾತ್ರಿ ಕಳೆದರು. ಮರುದಿನ ದೋಣಿಗಳು ಬಂದು ಅವರನ್ನು ಉಳಿಸಿದವು.

ನೀರು ನಿಂತ ಮೇಲೆ ಉತ್ತರಕ್ಕೆ ದೃಷ್ಟಿ ಹಾಯಿಸಿದರೆ, ನಿನ್ನೆಯವರೆಗೆ ಸಪಾಟಾಗಿದ್ದ ಬಯಲಿನಲ್ಲಿ ಉದ್ದನೆಯ ದಿಬ್ಬವೊಂದು ಎದ್ದಿತ್ತು! ಉದ್ದ ಸುಮಾರು 80 ಕಿಲೋಮೀಟರು. ಎತ್ತರ ಕೆಲವೆಡೆ 6 ಮೀಟರಿನಷ್ಟು. ಸಿಂಧ್ ಪ್ರಾಂತದ ಅರಸರು ಹಿಂದೆ ನದಿಗೆ ಅಡ್ಡಲಾಗಿ ಒಡ್ಡುಗಳನ್ನು ಹಾಕಿಸಿ ಕಚ್ಛದ ಬತ್ತದ ಗದ್ದೆಗಳಿಗೆ ನೀರು ತಪ್ಪಿಸಿದ್ದುಂಟು. ಅವು ಮನುಷ್ಯರ ಒಡ್ಡುಗಳು. ಇದು ಮನುಷ್ಯರದಲ್ಲವೆಂದು ತೋರಿಸಲು ಜನ ಇದನ್ನು ‘ಅಲ್ಲಾ ಬಂದ್’ ಎಂದು ಕರೆದರು. ಯಾವ ಶಾಸ್ತ್ರಜ್ಞನೂ ಇದಕ್ಕಿಂತ ಸೊಗಸಾದ ಹೆಸರನ್ನು ಕೊಡಲಾರ.

ಶಾಸ್ತ್ರವು ಇಂತಹ ಬಿರುಕನ್ನು ‘ಸ್ತರಭಂಗ’ವೆನ್ನುತ್ತದೆ. ಶಿಲೆ ಗಟ್ಟಿ ವಸ್ತುವಾದರೂ ಒತ್ತಡಕ್ಕೆ ಬಿದಿರಿನಂತೆ ಕೊಂಚ ಬಾಗುತ್ತದೆ. ಶತಮಾನಗಳ ಕಾಲ ಬಾಗಿ ಬಾಗಿ, ತಾಳಿಕೆ ಮೀರಿದಾಗ ಸೀಳುತ್ತದೆ. ಸೀಳಿನ ಒಂದು ಮಗ್ಗುಲು ಇನ್ನೊಂದರ ಮೇಲಕ್ಕೆ ಜಾರುತ್ತದೆ. ಬರಿಯ ಬಿರುಕಿಗೂ ಸ್ತರಭಂಗಕ್ಕೂ ಈ ಜಾರುವಿಕೆಯೇ ಭೇದ. ಒಮ್ಮೆ ಸೀಳಿದ ಎಡೆ ಮತ್ತೆ ಹಿಂದಿನಂತೆ ಗಟ್ಟಿಯಾಗುವುದು ಕಷ್ಟ. ಮುಂದಿನ ಒತ್ತಡವೂ ಅಲ್ಲಿಯೇ ದಾರಿ ಹುಡುಕುತ್ತದೆ. ಕಚ್ಛದ ಸ್ತರಭಂಗಗಳು ಮೊದಲು ಹುಟ್ಟಿದ್ದು 15 ಕೋಟಿ ವರ್ಷಗಳಿಗೂ ಹಿಂದೆ, ಭೂಖಂಡಗಳು ಒಡೆದು ಅಗಲುತ್ತಿದ್ದಾಗ. ಅಂದು ನೆಲ ಹಿಗ್ಗಿ ಕುಸಿಯಿತು. ಇಂದು ಭಾರತ ಉತ್ತರಕ್ಕೆ ಸರಿದು ಏಷ್ಯವನ್ನು ಒತ್ತುತ್ತಿರುವುದರಿಂದ ಅದೇ ಸೀಳುಗಳು ಹಿಮ್ಮುಖವಾಗಿ ಚಲಿಸಿ ನೆಲವನ್ನು ಎತ್ತುತ್ತಿವೆ. 2001ರ ಜನವರಿ 26ರಂದು ಭುಜ್ ಸೀಮೆಯಲ್ಲಿ ಸಾವಿರಾರು ಪ್ರಾಣಗಳನ್ನು ಬಲಿಗೊಂಡದ್ದೂ ಇದೇ ಒತ್ತಡ. ಆಗ ಸೀಳು ನೆಲದ ಮೇಲಕ್ಕೆ ಬರಲಿಲ್ಲ, ಒಡ್ಡೇನೂ ಏಳಲಿಲ್ಲ.

ರಣ್ ಬಯಲಿನ ಅಂಚಿನ ಕಾಲಾ ಡೂಂಗರ್ ಎಂಬ ಬೆಟ್ಟದ ಎತ್ತರ ಸುಮಾರು 460 ಮೀಟರು. ಅದರ ಉತ್ತರದ ಮಗ್ಗುಲು ಕಡಿದಾಗಿ ಬಯಲಿಗಿಳಿಯುತ್ತದೆ. ದಕ್ಷಿಣದ ಇಳಿಜಾರು ಮೆಲ್ಲನೆಯದು. ಅಲ್ಲಾ ಬಂದ್ 6 ಮೀಟರು ಏರಲು ಒಂದು ಸಂಜೆ ಸಾಕಾಯಿತು. ಆ ಬೆಟ್ಟಕ್ಕೆ ಅಂತಹ ಎಷ್ಟು ಸಂಜೆಗಳು ಬೇಕಾದವೋ! ಅದೂ ಮಳೆ ಗಾಳಿಗಳು ಬಿಡದೆ ಸವೆಸುತ್ತಿರುವಾಗ.

ನದಿಯಾದರೋ ಒಡ್ಡಿಗೆ ಬಹುಕಾಲ ಮಣಿಯಲಿಲ್ಲ. 1826ರಲ್ಲಿ ಸಿಂಧೂ ಉಕ್ಕಿ ಹರಿದಾಗ ಮನುಷ್ಯರ ಒಡ್ಡುಗಳೂ ಒಡೆದವು, ದೇವರ ಒಡ್ಡೂ ಒಡೆಯಿತು. ಕೆಲವು ಕಾಲದ ಮೇಲೆ ಅಲ್ಲಿಗೆ ಹೋದ ಅಲೆಕ್ಸಾಂಡರ್ ಬರ್ನ್ಸ್, ನೀರು ಕೊರೆದ ದಡದಲ್ಲಿ ಚಿಪ್ಪುಗಳಿಂದ ತುಂಬಿದ ಜೇಡಿಮಣ್ಣನ್ನು ಕಂಡ. ಆದರೆ ನೀರು ಹಳೆಯ ಗದ್ದೆಗಳಿಗೆ ಶಾಶ್ವತವಾಗಿ ಮರಳಲಿಲ್ಲ. ನದಿಯನ್ನೂ ವ್ಯಾಪಾರವನ್ನೂ ಕಳೆದುಕೊಂಡ ಲಖಪತ್ ಪಟ್ಟಣ ಕ್ರಮೇಣ ಬರಿದಾಯಿತು. ಅದರ ಕೋಟೆಯ ಗೋಡೆ ಇಂದಿಗೂ ನಿಂತಿದೆ. ಒಳಗೆ ದೀಪ ಹಚ್ಚುವ ಮನೆಗಳು ಕೆಲವೇ.